ಊಟದ ಮೇಜಿನ ಮೇಲಿನ ಪತ್ತೆಮಾರಿ

ಮೊನ್ನೆ ಅಡಿಗೆಮನೆಯ ಕಪಾಟು ಒರೆಸುವಾಗ ಸಾಸಿವೆ ಡಬ್ಬಿಯ ಹಿಂದೆ ಬಟ್ಟೆಗೆ ಹಾಕುವ ಕಟ್ಟಿಗೆಯ ಚಿಮಟಿಗೆಯೊಂದು ಸಿಕ್ಕಿತು. ಹಲ್ಲಿನ ತುಂಬ ಒಣಗಿದ ಗೋಂದು. ಒತ್ತಿದರೆ ಬಾಯಿ ಬಿಡಲಿಲ್ಲ. ಒಂದು ಕಾಲದಲ್ಲಿ ನಮ್ಮ ಮನೆಯಲ್ಲಿ ಇಂಥ ನೂರು ಚಿಮಟಿಗೆಗಳಿದ್ದವು, ಆದರೆ ಒಣಹಾಕಿದ ಬಟ್ಟೆಯ ಮೇಲೆ ಒಂದೂ ಇರುತ್ತಿರಲಿಲ್ಲ. ನಮ್ಮವರ ಬನಿಯನ್ನುಗಳು ಹಾರಿ ಕೆಳಗಿನ ಮನೆಯ ತುಳಸಿಯ ಮೇಲೆ ಕೂಡುತ್ತಿದ್ದವು. ಆ ಮನೆಯ ಮರಾಠಿ ಹೆಂಗಸು ಅವನ್ನು ಮಡಿಚಿ ತಂದುಕೊಟ್ಟು, "ಜಹಾಜ್ ಝಾಲಂ ಕಾ?" ಎಂದು ಕೇಳುತ್ತಿದ್ದರು, ಹಡಗು ಮುಗಿಯಿತೇ ಎಂದು. ಇಲ್ಲ ಎನ್ನುತ್ತಿದ್ದೆ. ಈ ಒಂದೇ ಮಾತುಕತೆ ಸುಮಾರು ನಾಲ್ಕು ವರ್ಷ ನಡೆಯಿತು.

ಹಡಗೆಂದರೆ ಎರಡು ಫೂಟು ಉದ್ದದ ಕಟ್ಟಿಗೆಯ ಹಡಗು. ಪುಣೆಯ ಪಕ್ಕದ ಚಿಂಚವಾಡದ ನಮ್ಮ ಮನೆಯಲ್ಲಿ ಊಟದ ಮೇಜಿನ ಮುಕ್ಕಾಲು ಭಾಗ ಅದರದು, ಉಳಿದ ಕಾಲು ಭಾಗದಲ್ಲಿ ಗಂಡ ಹೆಂಡತಿ ಇಬ್ಬರ ತಾಟು. ಅದನ್ನು ಕಟ್ಟಲು ಹೊರಟವಳಿಗೆ ಯಾವ ಯೋಗ್ಯತೆ ಇತ್ತು ಎಂದು ನೀವು ಕೇಳಿದರೆ, ನಾನು ಗದಗಿನವಳು ಎನ್ನುವುದನ್ನು ಮೊದಲೇ ಹೇಳಿಬಿಡಬೇಕು. ನಮ್ಮಲ್ಲಿ ನಲ್ಲಿಗೆ ನೀರು ಬಂದರೆ ಓಣಿಗೆಲ್ಲ ಸುದ್ದಿ. ಸಮುದ್ರ ನೋಡಿದ್ದು ಮದುವೆಯಾದ ಮೇಲೆ, ಅಲಿಬಾಗಿನಲ್ಲಿ. ಪಾದ ತೋಯಿಸಿಕೊಂಡು ಹಿಂದೆ ಸರಿದಿದ್ದೆ. ಈಜು ಬರುವುದಿಲ್ಲ. ಹಡಗಿರಲಿ, ದೋಣಿಯಲ್ಲೂ ಕೂತವಳಲ್ಲ. ಮೊಳೆ ಹೊಡೆಯಬೇಕಾದರೆ ಮಸಾಲೆ ಕುಟ್ಟುವ ಕಲಬತ್ತಿನ ಗುಂಡು ಹುಡುಕುತ್ತಿದ್ದೆ.

ಆದರೆ ನನ್ನ ಕೈಗಳಿಗೆ ಸುಮ್ಮನಿದ್ದು ರೂಢಿ ಇರಲಿಲ್ಲ. ಇಪ್ಪತ್ತಾರು ವರ್ಷ ಪುಣೆಯ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಎದುರಿಗೆ ರಂಧ್ರಗಳ ಬೋರ್ಡು, ಕೈಯಲ್ಲಿ ಹಗ್ಗದಂಥ ವಾಯರು. ಈ ರಂಧ್ರದ್ದು ಕಿತ್ತು ಆ ರಂಧ್ರಕ್ಕೆ ಸಿಕ್ಕಿಸಿದರೆ ಸೊಲ್ಲಾಪುರದ ವ್ಯಾಪಾರಿ ಹುಬ್ಬಳ್ಳಿಯ ಅಂಗಡಿಯವನೊಂದಿಗೆ ಮಾತಾಡುತ್ತಿದ್ದ. ತೊಂಬತ್ತರ ದಶಕದಲ್ಲಿ ಓಣಿಗೊಂದು ಎಸ್ಟಿಡಿ ಬೂತು ಬಂತು. ನಮ್ಮ ಬೋರ್ಡುಗಳು ಒಂದೊಂದಾಗಿ ಮುಚ್ಚಿದವು. ನನ್ನನ್ನು ಫೈಲು ಜೋಡಿಸುವ ಕೋಣೆಗೆ ಕಳಿಸಿದರು. ಒಂದು ವರ್ಷ ಅಲ್ಲಿ ಕೂತು, ಆಮೇಲೆ ನಾನಾಗಿಯೇ ಕೆಲಸ ಬಿಟ್ಟೆ. ಆಗ ನನಗೆ ಐವತ್ತಮೂರು.

ಮನೆಯಲ್ಲಿ ಕೂತ ಮೇಲೆ ಕಂಡದ್ದನ್ನೆಲ್ಲ ಬಿಚ್ಚುವುದು, ಸುತ್ತುವುದು ಶುರುವಾಯಿತು. ಹಳೆಯ ಸ್ವೆಟರು ಬಿಚ್ಚಿ ಉಂಡೆ ಮಾಡಿದೆ. ದೇವರಿಗೆ ಹತ್ತು ವರ್ಷಕ್ಕಾಗುವಷ್ಟು ಬತ್ತಿ ಹೊಸೆದೆ. ಒಂದು ಭಾನುವಾರ ಇಸ್ತ್ರಿ ಪೆಟ್ಟಿಗೆಯ ವಾಯರು ಬಿಚ್ಚುತ್ತಿದ್ದಾಗ ನಮ್ಮವರು ನೋಡಿದರು. ಅವರು ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದವರು. ವಸ್ತುಗಳು ಅವುಗಳ ಜಾಗದಲ್ಲಿರಬೇಕು ಎನ್ನುವುದು ಅವರ ಧರ್ಮ.

"ಇಂದಿರಾ, ಅದು ಛೊಲೋ ನಡೀಲಿಕ್ಕತ್ತದ. ಎದಕ್ಕ ಬಿಚ್ಚತಿ?"

"ಒಳಗ ಹೆಂಗದ ನೋಡೂಣಂತ."

"ನಡಿ, ಜುನಾ ಬಾಜಾರಕ್ಕ ಹೋಗೂಣು. ಮಿಕ್ಸರಿನ ಮುಚ್ಚಳ ನೋಡೂದದ," ಎಂದರು. ಇಸ್ತ್ರಿ ಪೆಟ್ಟಿಗೆಯನ್ನು ಉಳಿಸಿಕೊಳ್ಳಲು ಹೂಡಿದ ಉಪಾಯ ಅದು.

ಆ ಹಳೆಯ ಸಾಮಾನಿನ ಸಂತೆಯಲ್ಲಿ ಮಿಕ್ಸರಿನ ಮುಚ್ಚಳ ಸಿಗಲಿಲ್ಲ. ಹಳೆಯ ಪುಸ್ತಕ, ಕ್ಯಾಲೆಂಡರುಗಳ ರಾಶಿಯಲ್ಲಿ ಸುರುಳಿ ಸುತ್ತಿದ ದಪ್ಪ ಕಾಗದಗಳು ಸಿಕ್ಕವು. ಬಿಚ್ಚಿದರೆ ಹಡಗಿನ ನಕ್ಷೆ. ಪಕ್ಕದಿಂದ ಕಂಡಂತೆ, ಮೇಲಿನಿಂದ ಕಂಡಂತೆ, ಉಳ್ಳಾಗಡ್ಡಿ ಕೊಯ್ದಂತೆ ಅಡ್ಡಲಾಗಿ ಕೊಯ್ದರೆ ಒಳಗೆ ಕಾಣುವಂತೆ, ಹೀಗೆ ಒಂಬತ್ತು ಹಾಳೆ. ಮೇಲೆ ಇಂಗ್ಲಿಷಿನಲ್ಲಿ ಪತ್ತೆಮಾರಿ ಎಂದು ಬರೆದಿತ್ತು. ಪಶ್ಚಿಮ ಕರಾವಳಿಯಲ್ಲಿ ಸರಕು ಹೊರುತ್ತಿದ್ದ ಹಾಯಿ ಹಡಗು ಅದು. ನಮ್ಮ ಗದಗ, ಧಾರವಾಡದ ಕಡೆಯ ಹತ್ತಿ ಗಾಡಿಯಲ್ಲಿ ಘಟ್ಟ ಇಳಿದು ಕುಮಟೆಗೆ ಹೋಗಿ, ಅಲ್ಲಿಂದ ಇಂಥ ಹಡಗಿನಲ್ಲಿ ಮುಂಬೈಗೆ ಹೋಗುತ್ತಿತ್ತಂತೆ. ಅದು ಆಮೇಲೆ ತಿಳಿದದ್ದು. ಅವತ್ತು ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಒಳಗಿನ ಚಿತ್ರ. ಹೊರಗಿನಿಂದ ಗುಂಡಗೆ ಕಾಣುವ ವಸ್ತು ಒಳಗೆ ಸಾಲು ಸಾಲು ಪಕ್ಕೆಲುಬುಗಳ ಮೇಲೆ ನಿಂತಿತ್ತು. ಅಂಗಡಿಯವನು ರದ್ದಿಯಂತೆ ತೂಗಿ ಕೊಟ್ಟ.

"ಇದನ್ನೇನ್ ಮಾಡ್ತೀ?" ಎಂದು ನಮ್ಮವರು ಕೇಳಿದರು.

"ಕಟ್ಟತೀನಿ," ಎಂದೆ. ಅನ್ನುವವರೆಗೂ ನನಗೂ ಗೊತ್ತಿರಲಿಲ್ಲ.

ಅವರು ನಗಲಿಲ್ಲ. ನಕ್ಕಿದ್ದರೆ ಬಹುಶಃ ಎರಡು ವಾರದಲ್ಲಿ ಬಿಡುತ್ತಿದ್ದೆ.

ಬಡಗಿಯ ಅಂಗಡಿಯಿಂದ ಶಿವಣಿ ಮರದ ತೆಳ್ಳನೆಯ ಪಟ್ಟಿಗಳನ್ನು ಸೀಳಿಸಿ ತಂದೆ. ಹತ್ಯಾರದಂಗಡಿಗಳ ಓಣಿಯಾದ ಬೋಹರಿ ಆಳಿಯಲ್ಲಿ ಸಣ್ಣ ಗರಗಸ, ಚಾಕು, ಉಜ್ಜುವ ಕಾನಸು. ನಕ್ಷೆಯನ್ನು ಝೆರಾಕ್ಸ್ ಮಾಡಿಸಿ, ಕತ್ತರಿಸಿ, ಪ್ಲೈವುಡ್ಡಿನ ಮೇಲೆ ಅಂಟಿಸಿ ಪಕ್ಕೆಗಳನ್ನು ಕೊಯ್ದೆ. ಹಡಗಿನ ತಳದುದ್ದಕ್ಕೂ ಇರುವ ಅಡಿಮರದ ಮೇಲೆ ಅವನ್ನು ನಿಲ್ಲಿಸಿದ ದಿನ ಮೇಜಿನ ಮೇಲೆ ದೊಡ್ಡ ಮೀನಿನ ಎಲುಬು ಬಿದ್ದಂತೆ ಕಾಣುತ್ತಿತ್ತು. ಶುದ್ಧ ಶಾಕಾಹಾರಿಗಳಾದ ನಮ್ಮವರು ಎರಡು ದಿನ ಸೋಫಾದ ಮೇಲೆ ಕೂತು ಉಂಡರು.

ಪಟ್ಟಿ ಬಗ್ಗಬೇಕಾದರೆ ಬಿಸಿ ನೀರಿನಲ್ಲಿ ನೆನೆಯಬೇಕು. ಉದ್ದನೆಯ ಪಾತ್ರೆ ಎಂದರೆ ಮನೆಯಲ್ಲಿದ್ದದ್ದು ಚಹಾದ ಥರ್ಮಾಸು. ಒಂದು ಸಂಜೆ ನಮ್ಮವರು ಕೆಲಸದಿಂದ ಬಂದು ಥರ್ಮಾಸಿನಿಂದ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದು, ಕಪ್ಪನ್ನು ಕೆಳಗಿಟ್ಟು, "ಇವತ್ತ ಚಹಾಕ್ಕ ಏನ್ ಹಾಕೀದಿ?" ಎಂದು ಸಮಾಧಾನದಿಂದ ಕೇಳಿದರು. ಹಡಗು ಎಂದೆ. ಮರುದಿನ ಅವರೇ ಇನ್ನೊಂದು ಥರ್ಮಾಸು ತಂದು, ಅದರ ಮೇಲೆ ಸ್ಟೋರಿನ ಪದ್ಧತಿಯಂತೆ 'ಕಟ್ಟಿಗೆ' ಎಂದು ಚೀಟಿ ಅಂಟಿಸಿದರು.

ಗೋಂದು ಹಚ್ಚಿ, ಒಣಗುವವರೆಗೆ ಬಟ್ಟೆಯ ಚಿಮಟಿಗೆ ಸಿಕ್ಕಿಸಿ, ಏಳು ತಿಂಗಳಿಗೆ ಎರಡೂ ಬದಿಗೆ ಪಟ್ಟಿ ಹೊದಿಸಿ ಮುಗಿಸಿದೆ. ಉಜ್ಜಿ ನುಣುಪು ಮಾಡಿದೆ. ಯಾರಿಗಾದರೂ ತೋರಿಸಬೇಕಲ್ಲ. ನಮ್ಮ ಸೊಸೈಟಿಯಲ್ಲಿ ಕಟ್ಟಿಗೆ ಬಲ್ಲವರು ಒಬ್ಬರೇ, ಸುತಾರಕಾಕಾ. ನನಗಿಂತ ಎಂಟೇ ವರ್ಷ ದೊಡ್ಡವರಾದರೂ ಎಲ್ಲರಿಗೂ ಕಾಕಾ. ನಿಪ್ಪಾಣಿಯವರು, ಮನೆಮಾತು ಮರಾಠಿ, ಕನ್ನಡವನ್ನೂ ಮರಾಠಿಯ ಧಾಟಿಯಲ್ಲಿ ಆಡುತ್ತಿದ್ದರು. ಫೌಂಡ್ರಿಯಲ್ಲಿ ಎರಕ ಹೊಯ್ಯುವ ಮೊದಲು ಆ ವಸ್ತುವನ್ನು ಕಟ್ಟಿಗೆಯಲ್ಲಿ ತಯಾರಿಸುತ್ತಾರಲ್ಲ, ಆ ಕೆಲಸದಲ್ಲಿ ಮೂವತ್ತೈದು ವರ್ಷ ತೆಗೆದವರು. ನಿವೃತ್ತರಾದ ಮೇಲೆ ಉಳಿ ಮುಟ್ಟಿರಲಿಲ್ಲ. ಗೇಟಿನ ಹತ್ತಿರದ ಬೆಂಚಿನ ಮೇಲೆ ಪೇಪರು ಓದುತ್ತ ಕೂಡುತ್ತಿದ್ದರು. ಅವರ ಮನೆಯ ಕಿಟಕಿ ಕೆಟ್ಟರೂ ಬೇರೆ ಬಡಗಿ ಬರಬೇಕು.

ಹಡಗನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಅವರ ಪಕ್ಕದಲ್ಲಿಟ್ಟೆ. ಅವರು ಮುಟ್ಟಲಿಲ್ಲ. ಸ್ವಲ್ಪ ಹೊತ್ತು ನೋಡಿ, "ವಹಿನಿ, ಎರಡು ಸ್ಕೇಲು ತರ್ರಿ," ಎಂದರು. ಸೊಸೈಟಿಯ ಹೆಂಗಸರೆಲ್ಲ ಅವರಿಗೆ ವಹಿನಿ, ಅಂದರೆ ಅತ್ತಿಗೆ. ತಂದೆ. ಒಂದನ್ನು ಹಡಗಿನ ಮುಂದುಗಡೆ, ಇನ್ನೊಂದನ್ನು ಹಿಂದುಗಡೆ ಅಡ್ಡಲಾಗಿ ಇಡಲು ಹೇಳಿದರು.

"ಈಗ ಇಕಡೂನ ಬಘಾ. ಈ ಕಡಿಂದ ಒಂದು ಕಣ್ಣು ಮುಚ್ಚಿ ನೋಡ್ರಿ. ಎರಡೂ ಸ್ಕೇಲು ಒಂದ ಗೆರಿಗೆ ಬರ್ತಾವೇನು?"

ಬರಲಿಲ್ಲ. ಹಿಂದಿನ ಸ್ಕೇಲಿನ ಎಡತುದಿ ಮುಂದಿನದಕ್ಕಿಂತ ಮೇಲೆ ಇಣುಕುತ್ತಿತ್ತು.

"ಪೀಳ ಬಿದ್ದದ. ತಿರುಚಿಕೊಂಡದ. ಅಡಿಮರ ಕೂಡಿಸುವಾಗೇ ತಪ್ಪಿದ್ದು. ಈಗ ಏನೂ ಆಗೂದಿಲ್ಲ."

"ಸ್ವಲ್ಪ ಅದ ಅಲ್ರೀ ಕಾಕಾ."

"ಸ್ವಲ್ಪ ಅದ. ಒಗದುಬಿಡ್ರಿ," ಎಂದು ಪೇಪರು ಬಿಡಿಸಿದರು.

ಹದಿನೈದು ದಿನ ಅವರೊಂದಿಗೆ ಮಾತಾಡಲಿಲ್ಲ. ಗೇಟಿನಲ್ಲಿ ಎದುರಾದರೆ ಚಪ್ಪಲಿ ನೋಡಿಕೊಳ್ಳುತ್ತ ಹೋಗುತ್ತಿದ್ದೆ. ಏಳು ತಿಂಗಳ ಕೆಲಸಕ್ಕೆ ಒಂದೇ ಮಾತು. ಮನೆಗೆ ಬಂದವರೆಲ್ಲ ಎಷ್ಟು ಚಂದ ಅದ ಎನ್ನುತ್ತಿದ್ದರು, ನಾನೂ ಅವರ ಮಾತೇ ಸರಿ ಎಂದುಕೊಳ್ಳುತ್ತಿದ್ದೆ. ಆದರೆ ಯಾರೂ ಇಲ್ಲದಾಗ ಎರಡು ಸ್ಕೇಲು ಇಟ್ಟು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ. ಪ್ರತಿ ಸಲವೂ ಆ ಎಡತುದಿ ಅಲ್ಲೇ ಇರುತ್ತಿತ್ತು. ಟ್ರಂಕ್ ಬೋರ್ಡಿನ ಮುಂದೆ ಇಷ್ಟು ವರ್ಷ ಕೂತವಳಿಗೆ ಒಂದು ತಿಳಿದಿತ್ತು: ಕಾಲ್ ಹತ್ತಿತು ಅಥವಾ ಹತ್ತಲಿಲ್ಲ, ಸ್ವಲ್ಪ ಹತ್ತಿತು ಎನ್ನುವುದಿಲ್ಲ. ಹದಿನಾರನೆಯ ದಿನ ಮಧ್ಯಾಹ್ನ ಹಡಗನ್ನು ಬಾಲ್ಕನಿಯಲ್ಲಿಟ್ಟು ಕಲಬತ್ತಿನ ಗುಂಡಿನಿಂದ ಒಡೆದೆ. ಸುಲಭವಾಗಿ ಒಡೆಯಲಿಲ್ಲ ಎನ್ನುವುದೊಂದೇ ಸಮಾಧಾನ.

ಸಂಜೆ ಬೆಂಚಿನ ಹತ್ತಿರ ಹೋಗಿ, "ಅಡಿಮರ ಹೆಂಗ ಕೂಡಸೂದು ಹೇಳ್ರಿ," ಎಂದೆ.

ಅವರು ಪೇಪರು ಮಡಿಚಿದರು.

ಎರಡನೆಯ ಹಡಗು ಹಾಗೆ ಶುರುವಾಯಿತು. ಮೊದಲು ದಪ್ಪ ಗಾಜಿನ ಹಲಗೆಯೊಂದನ್ನು ತರಿಸಿದರು, ಅದು ಮಾತ್ರ ನಿಜವಾಗಿ ಸಪಾಟು ಇರುತ್ತದೆ ಎಂದು. ವಾರಕ್ಕೆರಡು ಸಲ ಬಂದು ಎದುರಿನ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಸರಿಯಿದ್ದರೆ "ಚಾಲೇಲ್", ನಡೆದೀತು ಎಂದಷ್ಟೇ. ಸರಿಯಿಲ್ಲದಿದ್ದರೆ ಸ್ಕೇಲು ಕೇಳುತ್ತಿದ್ದರು. ಕಟ್ಟಿಗೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಒಂದು ದಿನ ನಾನು ಚಾಕುವಿನಿಂದ ಪಟ್ಟಿಯ ಅಂಚು ಹೆರೆಯುತ್ತಿದ್ದೆ. ಅವರು ಹಲ್ಲುನೋವು ಬಂದವರಂತೆ ಮುಖ ಮಾಡಿ ಕೊನೆಗೆ ಕೈ ಚಾಚಿದರು.

"ಕೊಡ್ರಿ ಇಲ್ಲಿ. ಈ ಚಾಕೂಲೆ ಬೆಣ್ಣಿನೂ ಕೊಯ್ಯಾಕ ಆಗೂದಿಲ್ಲ."

ಮನೆಗೆ ಹೋಗಿ ತಮ್ಮ ಸಾಣೆಕಲ್ಲು ತಂದರು. ಮುಕ್ಕಾಲು ಗಂಟೆ ಒಂದೇ ಸಮನೆ ಮಸೆದರು. ಆ ಹೊತ್ತಿನಲ್ಲೇ, ತಲೆ ಎತ್ತದೆ, ಉಳಿ ಯಾಕೆ ಬಿಟ್ಟರೆಂದು ನಾನು ಕೇಳದಿದ್ದ ಪ್ರಶ್ನೆಗೆ ಉತ್ತರ ಹೇಳಿದರು. ಅವರ ಕೊನೆಯ ವರ್ಷ ಕಾರ್ಖಾನೆಗೆ ಕಂಪ್ಯೂಟರಿನ ಯಂತ್ರ ಬಂದಿತ್ತು. ಕಟ್ಟಿಗೆಯ ಹಳೆಯ ಮಾದರಿಗಳನ್ನೆಲ್ಲ ಲಾರಿಗೆ ತುಂಬಿ ಬೇಕರಿಗೆ ಮಾರಿದರಂತೆ, ಒಲೆಗೆ. "ಯಂತ್ರ ಬಂದದ್ದು ಸರೀನ ಇತ್ತು. ನನಗಿಂತ ಬಾರೀಕ ಕೆಲಸ ಮಾಡತದ. ಆದರ ಹೊರಗ ಹಾಕೂಕಿಂತ ಮೊದಲ ಒಂದು ಮಾತು ನನಗ ಕೇಳಬೇಕಾಗಿತ್ತು," ಎಂದರು. ಹೆಬ್ಬೆರಳಿನಿಂದ ಅಲಗು ಪರೀಕ್ಷಿಸಿ ಚಾಕುವನ್ನು ಹಿಡಿಕೆಯ ಕಡೆಯಿಂದ ನನಗೆ ಕೊಟ್ಟರು. ಅವತ್ತು ಹೆರೆದ ಪಟ್ಟಿಯಿಂದ ರಿಬ್ಬನ್ನಿನಂಥ ಸುರುಳಿ ಬಂತು. ಹಾಗೆ ಬರಬೇಕೆನ್ನುವುದೂ ನನಗೆ ಆವರೆಗೆ ಗೊತ್ತಿರಲಿಲ್ಲ.

ಎರಡೂವರೆ ವರ್ಷ ಹಿಡಿದರೂ ಎರಡನೆಯದು ನೆಟ್ಟಗೆ ಬಂತು. ಮೇಲಿನ ಹಲಗೆ ಹಾಸಿ, ಹಾಯಿ ಏರಿಸಲು ಮುಂದಕ್ಕೆ ಬಾಗಿದ ಎರಡು ಕೂವೆಮರ ನಿಲ್ಲಿಸಿದೆ. ಇನ್ನು ಹಗ್ಗಗಳು. ಇಲ್ಲಿ ಒಂದು ವಿಚಿತ್ರ ತೊಡಕಾಯಿತು. ಚಿಕ್ಕವಳಿದ್ದಾಗ ಅಜ್ಜಿ ನನಗೆ ಕಸೂತಿ ಕಲಿಸಿದ್ದಳು. ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವಂತಿಲ್ಲ. ನಾನೊಮ್ಮೆ ಕದ್ದು ಗಂಟು ಹಾಕಿದ್ದಕ್ಕೆ ಅವಳು ಹೊಲಿದಿದ್ದ ಇಡೀ ಗೋಪುರದ ಚಿತ್ತಾರವನ್ನು ಬಿಚ್ಚಿಸಿದ್ದಳು. ಹೀಗಾಗಿ ಸೂಜಿ ದಾರದೊಂದಿಗೆ ಬೆಳೆದೂ ನನಗೆ ಒಂದು ನೆಟ್ಟಗಿನ ಗಂಟು ಬರುತ್ತಿರಲಿಲ್ಲ, ಹಡಗಿನ ಮೇಲಾದರೋ ಬರೀ ಗಂಟುಗಳೇ. ನಾನು ಹಾಕಿದ್ದು ಬೆಳಗಾಗುವುದರೊಳಗೆ ಸಡಿಲಾಗಿ ಕೂವೆಮರ ವಾಲಿರುತ್ತಿತ್ತು.

ಆಗ ನಮ್ಮ ಪಕ್ಕದ ಜಾಗದಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಯಾದಗಿರಿಯ ಕಡೆಯ ಕೆಲಸಗಾರರು ಅಲ್ಲೇ ಗುಡಿಸಲು ಹಾಕಿಕೊಂಡಿದ್ದರು. ಬಾಲ್ಕನಿಯಿಂದ ನೋಡಿದರೆ ಒಬ್ಬ ಹೆಂಗಸು ಗುಡಿಸಲಿನ ತಟ್ಟನ್ನು ಹಗ್ಗದಿಂದ ಬಿಗಿಯುತ್ತಿದ್ದಳು; ಎರಡು ಸುತ್ತು, ಒಂದು ಜಗ್ಗು, ಮುಗಿಯಿತು. ದಾರದುಂಡೆ ತೆಗೆದುಕೊಂಡು ಕೆಳಗಿಳಿದೆ.

"ಆ ಗಂಟು ಹೆಂಗ ಹಾಕಿದಿ, ನನಗೂ ಕಲಸ್ತೀಯೇನವಾ?" ಎಂದೆ.

ಪುಣೆಯಲ್ಲಿ ಕನ್ನಡ ಕೇಳಿ ಅವಳಿಗೆ ಸಂತೋಷವಾಗಿರಬೇಕು, ಆದರೆ ಗಂಟು ಕಲಿಯಲು ಬಂದವಳನ್ನು ಕಂಡು ಸ್ವಲ್ಪ ಅನುಮಾನವೂ ಆಯಿತು. "ಏನ್ ಕಟ್ಲಾಕ ಬೇಕ್ರಿ ಯಕ್ಕಾ? ದನ ಇಟ್ಟೀರೇನು?"

ಹಡಗು ಎಂದೆ. ಅವಳು ನನ್ನ ಮುಖ ನೋಡಿ, ಹೆಚ್ಚು ಕೇಳದೆ ಕಲಿಸಿದಳು. ಹೆಸರು ಮಲ್ಲಮ್ಮ. ನಲವತ್ತರ ಆಸುಪಾಸಿನವಳು. ಮೂರು ಗಂಟು ಕಲಿಸಿದಳು. ಅವುಗಳಿಂದಲೇ ನನ್ನ ಹಡಗಿನ ಹಗ್ಗಗಳೆಲ್ಲ ನಿಂತವು. ನಾಲ್ಕು ತಿಂಗಳು ಹಿಡಿಯಿತು. ನಮ್ಮವರ ಹಳೆಯ ಧೋತರವನ್ನು ಚಹಾದ ನೀರಿನಲ್ಲಿ ಅದ್ದಿ ಹಾಯಿ ಹೊಲಿದೆ.

ನೋಡಿದವರು ಶೋಕೇಸಿನ ಮಾತೆತ್ತಿದರು. ನಾನು ನೀರಿಗೆ ಬಿಡಬೇಕು ಎಂದೆ. ಮಲ್ಲಮ್ಮನ ಕಟ್ಟಡದಲ್ಲಿ ಗೋಡೆಗೆ ಹೊಡೆಯುವ ನೀರಿಗೆಂದು ಕಟ್ಟಿದ ಸಿಮೆಂಟಿನ ದೊಡ್ಡ ತೊಟ್ಟಿ ಇತ್ತು. ಒಂದು ಭಾನುವಾರ ಬೆಳಿಗ್ಗೆ ನಾನು ಹಡಗು ಎತ್ತಿಕೊಂಡು, ಹಿಂದೆ ನಮ್ಮವರು, ಅವರ ಹಿಂದೆ ಸುತಾರಕಾಕಾ, ಮೆರವಣಿಗೆಯಂತೆ ಹೊರಟೆವು. ನೀರಿಗೆ ಬಿಟ್ಟ ಕೂಡಲೇ ಹಡಗು ಎಡಕ್ಕೆ ವಾಲಿ ಮಲಗಿತು. ಹೊಟ್ಟೆ ಹಗುರವಾಗಿತ್ತು. ಮಲ್ಲಮ್ಮ ಬಾರೀಕು ಖಡಿಯನ್ನು, ಸಣ್ಣ ಜಲ್ಲಿಕಲ್ಲನ್ನು, ತೊಳೆದು ತಂದು, ಮೇಲಿನ ಹಲಗೆಯ ಕಿಂಡಿಯಿಂದ ಒಂದೊಂದೇ ಹಿಡಿ ಒಳಗೆ ಬಿಟ್ಟಳು. ಹಡಗು ನಿಧಾನಕ್ಕೆ ಎದ್ದು ನಿಂತಿತು. ಹತ್ತು ನಿಮಿಷ ಹಾಗೇ ಇತ್ತು.

"ಯಕ್ಕಾ, ಮೂತಿ ಕೆಳಗ ಹೊಂಟದ ನೋಡ್ರಿ. ನೀರ ಕುಡಿಲಾಕತ್ತದ," ಎಂದಳು ಮಲ್ಲಮ್ಮ.

ಎತ್ತಿ ಹಿಡಿದರೆ ಅಡಿಮರದ ಪಕ್ಕದಿಂದ ನೀರು ತೊಟ್ಟಿಕ್ಕುತ್ತಿತ್ತು. ಎರಡು ಪಟ್ಟಿಗಳ ಗೋಂದು ಬಿಟ್ಟಿತ್ತು. ಬಿಳಿ ಗೋಂದು ನೀರಿಗೆ ತಡೆಯುವುದಿಲ್ಲ. ಕಟ್ಟುವಾಗ ನನ್ನ ಲಕ್ಷ್ಯವೆಲ್ಲ ಪೀಳದ ಮೇಲಿತ್ತು.

ಮನೆಗೆ ತಂದು ಮೇಜಿನ ಮೇಲಿಟ್ಟು ಮೂವರೂ ಸುತ್ತ ಕೂತೆವು. ಆ ಪಟ್ಟಿಗಳನ್ನು ಕೀಳಬೇಕೆಂದರೆ ಹಡಗನ್ನು ಬೋರಲು ಹಾಕಬೇಕು. ಬೋರಲು ಹಾಕಬೇಕೆಂದರೆ ಕೂವೆಮರ, ಹಾಯಿ, ಹಗ್ಗ ಎಲ್ಲ ಇಳಿಸಬೇಕು. ನಾಲ್ಕು ತಿಂಗಳ ಗಂಟುಗಳು.

ಈ ಸಲ ಕಾಕಾ ಅವರೇ, "ಬ್ಯಾಡ ವಹಿನಿ," ಎಂದರು. "ಆತು ಅದು. ಕೆಲಸ ಚೊಕ್ಕ ಆಗೇದ. ಕಪಾಟಿನ್ಯಾಗ ಇಡ್ರಿ, ತಳದಾಗಿಂದು ಯಾರಿಗೂ ಕಾಣೂದಿಲ್ಲ."

"ನನಗ ಕಾಣತದ."

"ಮತ್ತ ಬಿಚ್ಚಿದ್ರ ಪಕ್ಕದ ಪಟ್ಟಿನೂ ಸೀಳಬಹುದು. ಇದ್ದದ್ದೂ ಹೋಗತದ."

"ಹೋದ್ರ ಮೂರನೇದು ಕಟ್ಟತೀನ್ರೀ ಕಾಕಾ. ನನಗಿನ್ನೂ ಐವತ್ತೇಳು."

ಧೈರ್ಯ ಎಂದು ತಿಳಿಯಬೇಡಿ. ಕತ್ತರಿಯನ್ನು ಮೂರು ಸಲ ಎತ್ತಿ ಕೆಳಗಿಟ್ಟೆ. ಮೊದಲ ಹಗ್ಗ ಕತ್ತರಿಸಿದಾಗ ಹಾಯಿ ಸರಕ್ಕನೆ ಕುಸಿಯಿತು. ಉಳಿದವನ್ನು ಲೆಕ್ಕವಿಡದೆ ಕತ್ತರಿಸಿದೆ. ನಮ್ಮವರು ಪ್ರತಿಯೊಂದು ತುಂಡನ್ನೂ ಬೇರೆ ಬೇರೆ ಲಕೋಟೆಗೆ ಹಾಕಿ ಮೇಲೆ ಹೆಸರು ಬರೆದರು. ಬೋರಲು ಹಾಕಿ ಚಾಕುವಿನ ತುದಿಯನ್ನು ಪಟ್ಟಿಯ ಕೆಳಗೆ ಇಳಿಸಬೇಕೆನ್ನುವಾಗ ಹಡಗು ಅಲುಗಿತು. ಆಗ ಎದುರಿನ ಕುರ್ಚಿಯಿಂದ ಎರಡು ಕೈ ಬಂದು ಅದನ್ನು ಎರಡೂ ಬದಿಯಿಂದ ಹಿಡಿದವು. ಕಾಕಾ ಅವರ ಕೈಗಳು; ನಾನು ಚಾಕು ಇಳಿಸಿದೆ. ಎರಡು ಗಂಟೆಯ ಮೇಲಾಯಿತು. ಪಟ್ಟಿಗಳು ಹೊರಬಂದವು, ಪಕ್ಕದವು ಸೀಳಲಿಲ್ಲ.

ಈ ಸಲ ನೀರಿಗೆ ತಡೆಯುವ, ಎರಡು ಟ್ಯೂಬು ಕೂಡಿಸಿ ಕಲಸುವ ಗೋಂದು. ಸಂದುಗಳಿಗೆ ಹತ್ತಿಯ ಎಳೆ ಹೊಸೆದು, ವಾರ್ನಿಶಿನಲ್ಲಿ ಅದ್ದಿ ತುಂಬಿದೆ. ಬತ್ತಿ ಹೊಸೆದ ಕೈಗೆ ಅದೇನು ಕಷ್ಟವಾಗಲಿಲ್ಲ. ಒಳಗೂ ವಾರ್ನಿಶು ಹೊಯ್ದು ತಿರುಗಿಸಿ ತಿರುಗಿಸಿ ಒಣಗಿಸಿದೆ. ಅಷ್ಟರಲ್ಲಿ ಮಲ್ಲಮ್ಮ ಬಂದು, ಕಟ್ಟಡ ಮುಗಿಯುತ್ತ ಬಂತು, ಎರಡು ತಿಂಗಳಿಗೆ ತೊಟ್ಟಿ ಒಡೆದು ತಾವೆಲ್ಲ ಪುಣೆಯ ಆಚೆ ಬದಿಯ ಹಡಪಸರಕ್ಕೆ ಹೋಗುವವರು ಎಂದು ಹೇಳಿ ಹೋದಳು. ನಾಲ್ಕು ತಿಂಗಳ ಕೆಲಸಕ್ಕೆ ಎರಡು ತಿಂಗಳು. ಬೆಳಗಿನ ಅಡಿಗೆಯನ್ನು ನಮ್ಮವರಿಗೆ ಬಿಟ್ಟುಕೊಟ್ಟೆ. ಅವರ ಅವಲಕ್ಕಿಯನ್ನೇ ಎಂಟು ವಾರ ತಿಂದೆವು. ಲಕೋಟೆಯಿಂದ ಒಂದೊಂದೇ ತುಂಡು ತೆಗೆದು, ಅದರ ಅಳತೆಗೆ ಹೊಸ ದಾರ ಕತ್ತರಿಸಿ ಮತ್ತೆ ಗಂಟು ಹಾಕಿದೆ. ಎರಡನೆಯ ಸಲದ ಗಂಟುಗಳು ಮೊದಲಿನವಕ್ಕಿಂತ ಚಿಕ್ಕವಾಗಿ, ಬಿಗಿಯಾಗಿ ಬಂದವು.

ತೊಟ್ಟಿಯಲ್ಲಿ ಕೊನೆಯ ನೀರಿದ್ದ ದಿನ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಹಡಗು ಮತ್ತೆ ಇಳಿಯಿತು. ಖಡಿ ಮೊದಲೇ ತುಂಬಿದ್ದೆ. ನೆಟ್ಟಗೆ ನಿಂತಿತು. ಕಾಕಾ ಗಡಿಯಾರ ನೋಡಿಕೊಂಡರು. ಐದು ನಿಮಿಷ, ಹತ್ತು ನಿಮಿಷ. ಗಾಳಿ ಬಂದಾಗ ಹಾಯಿ ಸ್ವಲ್ಪ ಉಬ್ಬಿ, ಹಡಗು ತೊಟ್ಟಿಯ ಈ ಗೋಡೆಯಿಂದ ಆ ಗೋಡೆಗೆ ಹೋಗಿ ತಾಗಿ ನಿಂತಿತು. ಮಲ್ಲಮ್ಮ ಎದ್ದು ಬೆರಳಿನಿಂದ ಅದನ್ನು ತಿರುಗಿಸಿ ಬಿಟ್ಟು ಬಂದಳು. ಇಪ್ಪತ್ತು ನಿಮಿಷವಾದ ಮೇಲೆ ಕಾಕಾ ಗಡಿಯಾರ ನೋಡುವುದನ್ನು ಬಿಟ್ಟರು.

"ಊಟ ಮಾಡ್ರಿ ಯಕ್ಕಾ, ಕೂಡ್ರಿ," ಎಂದು ಮಲ್ಲಮ್ಮ ಜೋಳದ ರೊಟ್ಟಿಯ ಗಂಟು ಬಿಚ್ಚಿದಳು. ಮರಳಿನ ರಾಶಿಯ ನೆರಳಲ್ಲಿ ನಾಲ್ವರೂ ಕೂತೆವು. ಪುಂಡಿಪಲ್ಯ ಖಾರವಾಗಿತ್ತು. ಕಾಕಾ ಎರಡನೆಯ ರೊಟ್ಟಿ ಕೇಳಿದರು. ನಮ್ಮವರು ಹಡಪಸರಕ್ಕೆ ಯಾವ ಬಸ್ಸು, ಎಲ್ಲಿ ಬದಲಿಸಬೇಕು ಎಂದು ಮಲ್ಲಮ್ಮನಿಗೆ ವಿವರಿಸುತ್ತಿದ್ದರು, ನಾನು ನಡುನಡುವೆ ತಿದ್ದುತ್ತಿದ್ದೆ. ಯಾರೂ ತೊಟ್ಟಿಯ ಕಡೆ ನೋಡುತ್ತಿರಲಿಲ್ಲ. ಹಡಗು ತನ್ನ ಪಾಡಿಗೆ ತೇಲುತ್ತಿತ್ತು.